ಹಯತೀರ್ಥದ ಹೊಂಡವೂ ಜಕ್ಕಪ್ಪನ ಬಂಡೆಯೂ

ಜಗಚ್ಚಕ್ಷುವಾದ ಸೂರ್ಯನಾರಾಯಣನ ತೇಜಸ್ಸನ್ನು ತಾಳಲಾರದೆ ಸಂಜ್ಞಾದೇವಿಯು ಹೆಣ್ಣುಗುದುರೆಯ ರೂಪವನ್ನು ಧರಿಸಿ ಭೂಲೋಕದಲ್ಲಿ ಅಲೆಯುತ್ತಿದ್ದಾಗ, ಅವಳನ್ನು ಅರಸುತ್ತ ಅಶ್ವರೂಪಿಯಾಗಿಯೇ ಬಂದ ಭಾಸ್ಕರನಿಂದ ರೇವಂತನೆಂಬ ಮಗನು ಜನಿಸಿದನಷ್ಟೆ. ಆ ರೇವಂತರಾಯನು ತನ್ನ ತಾಯಿ ಮೇದ ನೆಲವನ್ನು ಮರೆಯಲಾರದೆ, ಆಕೆಯ ಕುಲದ್ದೇ ಆದ ಒಂದು ಹಿಂಡನ್ನು ಈ ಕರೇಮರಡಿಯ ಬಯಲಿನಲ್ಲಿ ಬಿಟ್ಟುಹೋದನೆಂದು ಹಿರಿಯರು ಹೇಳುತ್ತಾರೆ. ಒಣಹುಲ್ಲಿನ ಬಣ್ಣದ ಗಿಡ್ಡ ಮೈ, ಬೆನ್ನುದ್ದಕ್ಕೂ ಎಳೆದಂಥ ಕಪ್ಪು ಗೆರೆ, ಕಲ್ಲಿಗೂ ಸವೆಯದ ಗೊರಸು. ಲಗಾಮನ್ನು ಕಾಣದ ಆ ಕುದುರೆಗಳು ಯಾರ ಸೊತ್ತೂ ಆಗದೆ ಬಹುಕಾಲ ಬದುಕಿದವು.

ತದನಂತರ, ಕರೇಮರಡಿಯ ಕೋಟೆಯಲ್ಲಿ ಕೆಂಗನಾಯಕನೆಂಬ ಪಾಳೆಯಗಾರನು ಆಳುತ್ತಿದ್ದ ಕಾಲಕ್ಕೆ, ಅವನ ಲಾಯಕ್ಕೆ ಕುದುರೆ ಹಿಡಿದು ತರುವ ಕಾಯಕವು ಜಕ್ಕಪ್ಪನೆಂಬ ಬೇಡನದಾಗಿತ್ತು. ಎತ್ತಿನ ತೊಗಲಿನಿಂದ ಹೊಸೆದ ಮಿಣಿಯೇ ಅವನ ಆಯುಧ. ಮೊದಲು ಎಳೆಮರಿಯೊಂದನ್ನು ಹಿಡಿದು ಬಯಲಂಚಿನ ಕೊಳ್ಳದಲ್ಲಿದ್ದ ಜಾಲಿಮರಕ್ಕೆ ಬಿಗಿಯುವನು. ಅದರ ಕೂಗಿಗೆ ತಾಯಿ ಬರುವಳು. ತಾಯಿಯ ಕೊರಳಿಗೆ ಉರುಳು ಬೀಳುವುದು. ಹೀಗೆ ವರ್ಷವರ್ಷವೂ ಹಿಂಡು ಕರಗುತ್ತ ಬಂದಿತು. ಕೋಟೆಯ ಬಾಗಿಲಿನಿಂದ ಯುದ್ಧಕ್ಕೆ ಹೊರಟ ಕುದುರೆಗಳಲ್ಲಿ ತಿರುಗಿ ಬಂದವು ವಿರಳ.

ಜಕ್ಕಪ್ಪನ ಹೆಂಡತಿ ಮಲ್ಲವ್ವನು ಹೆತ್ತ ಕೂಸುಗಳನ್ನೆಲ್ಲ ಮಣ್ಣಿಗೆ ಕೊಟ್ಟವಳು. ಕೊಳ್ಳದ ಕಡೆಯಿಂದ ಮರಿಯ ಕೂಗು ಕೇಳಿದ ದಿನ ಅವಳು ಒಲೆ ಹೊತ್ತಿಸುತ್ತಿರಲಿಲ್ಲ.

"ಆ ಮರಿ ಅಳೂದು ಊರತನಕ ಕೇಳಸ್ತದ. ನಿನಗ ಕೇಳಸೂದಿಲ್ಲೇನು?" ಎಂದು ಒಮ್ಮೆ ಗಂಡನನ್ನು ಕೇಳಿದಳು.

"ಕೇಳಸ್ತದ. ಕೇಳಿದ್ರ ತಾಯಿ ಬರ್ತದ, ಅದಕ್ಕ ಕಟ್ತೀನಿ" ಎಂದನು ಜಕ್ಕಪ್ಪ. ಹೇಳಿದ ಮೇಲೆ ಅವಳ ಮುಖವನ್ನು ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಒಂದು ವೈಶಾಖದಲ್ಲಿ, ಉತ್ತರದಿಂದ ದೊಡ್ಡ ದಂಡು ಹೊರಟಿದೆಯೆಂಬ ಸುದ್ದಿ ಬರಲು, ನಾಯಕನು ಜಕ್ಕಪ್ಪನನ್ನು ಕರೆಸಿ, ಬಯಲಿನಲ್ಲಿ ಇನ್ನೇನು ಉಳಿದಿದೆಯೆಂದು ಕೇಳಿದನು.

"ಒಂದು ಗಂಡು, ಒಂದು ಹೆಣ್ಣು, ಧಣಿ. ಹೆಣ್ಣು ತುಂಬಿದ ಬಸುರಿ ಅದ."

"ಎರಡನ್ನೂ ತಾ."

"ಅವನ್ನೂ ತಂದ್ರ ಬಯಲಿನಾಗ ಬೀಜಕ್ಕೂ ಒಂದು ಉಳಿಯೂದಿಲ್ರಿ."

"ಕೋಟೀನ ಉಳಿಯೂದಿಲ್ಲಂದ್ರ ಬಯಲು ತಗೊಂಡು ಏನ್ ಮಾಡೂದೋ?" ಎಂದನು ನಾಯಕ. ಅವನ ದನಿಯಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ಜಕ್ಕಪ್ಪನು ಮಿಣಿಯನ್ನು ಹೆಗಲಿಗೆ ಹಾಕಿಕೊಂಡು ನಡೆದನು.

ಭಾರವಾದ ಒಡಲಿನ ಆ ಹೆಣ್ಣುಗುದುರೆಯನ್ನು ಹಿಡಿಯಲು ಅವನಿಗೆ ಶ್ರಮವೇ ಆಗಲಿಲ್ಲ. ಅವಳನ್ನು ಜಾಲಿಮರಕ್ಕೆ ಬಿಗಿದು ಗಂಡುಗುದುರೆಗಾಗಿ ಕಾದು ಕುಳಿತನು. ಅದು ಬಂದಿತು, ಕೊಳ್ಳದ ನೆತ್ತಿಯಲ್ಲಿ ನಿಂತು ಹೇಷಾರವ ಮಾಡಿತು, ಕೆಳಗಿನಿಂದ ಅವಳು ಓಗೊಟ್ಟೊಡನೆ, ದಾರಿಯನ್ನೂ ನೋಡದೆ ಕಡಿದಾದ ಬಂಡೆಗಳ ಮೇಲಿಂದ ನುಗ್ಗಿತು. ಕಾಲಡಿಯ ಕಲ್ಲು ಜಾರಿ, ಜಕ್ಕಪ್ಪನ ಕಣ್ಣೆದುರಿಗೇ ಬಿದ್ದು ಕತ್ತು ಮುರಿದುಕೊಂಡಿತು.

ಅದನ್ನು ಕಂಡ ಹೆಣ್ಣುಗುದುರೆಯು ಕಟ್ಟನ್ನು ಕಿತ್ತುಕೊಳ್ಳಲು ಹೆಣಗಿ ಹೆಣಗಿ ನೆಲಕ್ಕುರುಳಿತು. ಅಲ್ಲಿಯೇ ಅದಕ್ಕೆ ಹೆರಿಗೆಯ ನೋವು ತೊಡಗಿತು. ಜಕ್ಕಪ್ಪನು ಓಡಿಹೋಗಿ ಚೂರಿಯಿಂದ ಮಿಣಿಯನ್ನು ಕೊಯ್ದನು. ಅದು ಏಳಲಿಲ್ಲ. ನಾಲಗೆ ಹೊರಬಿದ್ದಿತ್ತು. ಆ ಕೊಳ್ಳದಲ್ಲಿ ಹನಿ ನೀರಿರಲಿಲ್ಲ. ಅವನು ಬರಿಗೈಯಿಂದ ಮರಳನ್ನು ಬಗೆಯತೊಡಗಿದನು. ಉಗುರು ಕಿತ್ತು ರಕ್ತ ಬಂದರೂ ತೇವ ಕಾಣಲಿಲ್ಲ. ಗಂಡನಿಗೆ ಬುತ್ತಿಯನ್ನೂ ನೀರಿನ ಬಿಂದಿಗೆಯನ್ನೂ ತರುತ್ತಿದ್ದ ಮಲ್ಲವ್ವನು ಮೇಲಿನಿಂದ ಇದನ್ನು ಕಂಡು, ಬುತ್ತಿಯನ್ನು ಚೆಲ್ಲಿ ಓಡಿ ಬಂದಳು. ಅವಳು ಬರುವಷ್ಟರಲ್ಲಿ ಮರಿಯು ಭೂಮಿಗೆ ಬಿದ್ದಿತ್ತು. ತಾಯಿಯ ಬಾಯಿಗೆ ಬಿಟ್ಟ ನೀರು ಕಟವಾಯಿಯಿಂದ ಹಾಗೆಯೇ ಹರಿದುಹೋಯಿತು.

ಮಲ್ಲವ್ವನು ಗಂಡನಿಗೆ ಒಂದು ಮಾತನ್ನೂ ಆಡಲಿಲ್ಲ. ಮರಿಯ ಮೈಯನ್ನು ಸೆರಗಿನಿಂದ ಒರೆಸುತ್ತ ಕುಳಿತಳು. ಅವಳು ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದನು. ಆ ಮೌನವನ್ನು ತಾಳಲಾರದೆ, ತಾನು ತೋಡಿದ ಕುಳಿಯಲ್ಲಿ ತಲೆಯಿಟ್ಟು, "ನನ್ನ ಜೀವ ತಗೋ ನಮ್ಮಪ್ಪಾ, ಈ ಕುಲದ್ದು ತಿರುಗಿ ಕೊಡು" ಎಂದು ಗೋಳಿಟ್ಟನು.

ಆಗ ನಡುಹಗಲಿನ ಸೂರ್ಯಬಿಂಬದಿಂದ ಅಶ್ವಾರೂಢನಾದ ರೇವಂತರಾಯನು ಇಳಿದು ಬಂದು ಹೀಗೆಂದನು:

"ಎಲೈ ಬೇಡನೇ, ಸತ್ತುದನ್ನು ತಿರುಗಿ ಕೊಡುವ ವರವು ನನ್ನಲ್ಲಿಲ್ಲ. ಲಾಯದಲ್ಲಿ ಅಳಿದುಳಿದವುಗಳನ್ನು ಬಿಡಿಸಿ ಕೊಡುವೆನು. ನೀನು ತೋಡಿದಲ್ಲಿ ನೀರು ಏಳುವುದು. ಈ ಕುಲದ ಒಂದು ಕುದುರೆಯಾದರೂ ಕುಡಿಯಲು ಬರುತ್ತಿರುವಷ್ಟು ಕಾಲ ಅದು ಇರುವುದು, ಆಮೇಲೆ ಇರದು. ನಿನ್ನ ಜೀವವು ನನಗೆ ಬೇಡ. ಇವುಗಳನ್ನು ಕಾಯುವವರು ಬೇಕು."

ದೇವನು ಅದೃಶ್ಯನಾಗಲು, ಕುಳಿಯಲ್ಲಿ ನೀರು ಉಕ್ಕಿತು. ಅದೇ ಮುಹೂರ್ತದಲ್ಲಿ ಕೋಟೆಯ ಲಾಯದ ಗೂಟಗಳು ತಾವಾಗಿ ಕಿತ್ತುಬರಲು, ಯುದ್ಧದಲ್ಲಿ ಬದುಕುಳಿದ ಕೆಲವೇ ಕುದುರೆಗಳು, ಮೈತುಂಬ ಗಾಯದ ಕಲೆಗಳನ್ನು ಹೊತ್ತು, ಕುಂಟುತ್ತ ಬಯಲಿಗೆ ಮರಳಿದವು.

ಮಳೆಗಾಲಕ್ಕೆ ಮುಂಚೆ ದಂಡು ಬಂದಿತು. ಕುದುರೆಗಳಿಲ್ಲದ ಕೋಟೆ ಬಿದ್ದಿತು. ಕೆಂಗನಾಯಕನು ಹೆಬ್ಬಾಗಿಲಿನಲ್ಲಿಯೇ ಮಡಿದನು. ಬೂದಿಯಾದ ಊರನ್ನು ಬಿಟ್ಟು ಹೊರಟವರು ಕೊಳ್ಳದ ಬಳಿ ಜಕ್ಕಪ್ಪನನ್ನು ಕಂಡು, "ಕುದುರಿ ಉಳಿಸಿದಿ, ಊರು ಸುಟ್ಟಿ" ಎಂದು ಉಗುಳಿ ಹೋದರು. ಅವನು ಮುಖ ಒರೆಸಿಕೊಳ್ಳಲಿಲ್ಲ.

ಮಲ್ಲವ್ವನು ಮರಿಗೆ ಆಡಿನ ಹಾಲುಣಿಸಿ ಬೆಳೆಸಿದಳು. ಅದು ಅವಳ ಅಂಗೈಯ ಉಪ್ಪನ್ನು ನೆಕ್ಕುವುದು, ಅವಳ ಹೆಗಲಿಗೆ ಮೂತಿ ತಿಕ್ಕುವುದು. ಜಕ್ಕಪ್ಪನು ಹತ್ತಿರ ಬಂದರೆ ಮಾತ್ರ ಕಿವಿ ಹಿಂದಕ್ಕೊತ್ತಿ ದೂರ ಸರಿಯುವುದು.

"ಕೈ ತೊಳಕೊಂಡು ಬಾ. ಮಿಣಿ ವಾಸನಿ ಅದಕ್ಕ ಆಗೂದಿಲ್ಲ" ಎನ್ನುವಳು ಮಲ್ಲವ್ವ.

ಅವನು ಮರಳು ಹಾಕಿ ಚರ್ಮ ಕೆಂಪಾಗುವಂತೆ ಕೈ ತಿಕ್ಕಿ ಬರುವನು. ಮರಿ ಮತ್ತೆ ಸರಿಯುವುದು. ಆ ಮರಿಯು ಬೆಳೆದು ಹಿಂಡನ್ನು ಸೇರಿತು, ಮಲ್ಲವ್ವನು ಕಾಲವಾದಳು, ಹಿಂಡು ಮೆಲ್ಲಗೆ ಹೆಚ್ಚಿತು. ಜಕ್ಕಪ್ಪನು ಹೊಂಡಕ್ಕೆ ಎದುರಾದ ಬಂಡೆಯ ಮೇಲೆ ಕುಳಿತು ತೋಳನನ್ನೂ ಬೇಟೆಗಾರನನ್ನೂ ಓಡಿಸುತ್ತ ಮುದುಕನಾದನು. ಅವನು ಕಾಯ್ದ ಕುದುರೆಗಳಲ್ಲಿ ಒಂದಾದರೂ ಅವನ ಕೈಯಳತೆಗೆ ಬರಲಿಲ್ಲ. ಅವನು ಆ ಬಂಡೆಯ ಮೇಲೆಯೇ ಪ್ರಾಣಬಿಟ್ಟ ದಿನವೂ ಅವು ದೂರದಿಂದ ನೋಡಿ, ನೀರು ಕುಡಿದು, ಹೊರಟುಹೋದವು.

ಇಂದಿಗೂ ಹಯತೀರ್ಥವೆನಿಸಿದ ಆ ಹೊಂಡಕ್ಕೆ ಬರುವ ಭಕ್ತರು ಆ ಬಂಡೆಯನ್ನು ಕಾಣಬಹುದು; ಒಬ್ಬನು ಕೂರುವಷ್ಟು ಜಾಗ ನುಣುಪಾಗಿ ಸವೆದಿದೆ. ಇಲ್ಲಿ ತೀರ್ಥವನ್ನು ಕೊಂಡೊಯ್ಯುವ ಪದ್ಧತಿಯಿಲ್ಲ. ವೈಶಾಖದ ಹುಣ್ಣಿಮೆಯ ದಿನ ಭಕ್ತರೇ ಮಲ್ಲವ್ವನಂತೆ ತಮ್ಮ ತಮ್ಮ ಊರಿನಿಂದ ಬಿಂದಿಗೆಯಲ್ಲಿ ನೀರು ತಂದು ಹೊಂಡಕ್ಕೆ ಸುರಿಯುತ್ತಾರೆ. ಹಗ್ಗವನ್ನಾಗಲಿ ತೊಗಲನ್ನಾಗಲಿ ಗಡಿಗಲ್ಲಿನಿಂದ ಒಳಗೆ ತರುವಂತಿಲ್ಲ. ಸೊಂಟದ ಪಟ್ಟಿಯನ್ನೂ ಪಾದರಕ್ಷೆಯನ್ನೂ ಅಲ್ಲಿಯೇ ಬಿಡತಕ್ಕದ್ದು. ನೀರು ಸುರಿದ ಬಳಿಕ ಎಲ್ಲರೂ ಬಂಡೆಯ ಹಿಂದೆ ಸದ್ದಿಲ್ಲದೆ ಕುಳಿತು, ಕುದುರೆಗಳು ಕುಡಿಯಲು ಬರುವುದನ್ನು ಕಾಯುತ್ತಾರೆ. ಒಂದು ಕುದುರೆಯಾದರೂ ಬಂದು ಬಾಯಿಟ್ಟ ಮೇಲೆಯೇ ಅರ್ಚಕರು ಮಂಗಳಾರತಿ ಎತ್ತುವುದು. ಹಿಂದೆ ಅದು ಬೆಳಗಿನಲ್ಲಿಯೇ ಆಗುತ್ತಿತ್ತಂತೆ. ಹೋದ ವರ್ಷ ಹೊತ್ತು ಮುಳುಗುವವರೆಗೆ ಕಾಯಬೇಕಾಯಿತು.