ದಿಡ್ಡಿ ಬಾಗಿಲಿನ ತೊಟ್ಟಿಲುಗಳು

"ದಾರಿ ಸರಿಯಿದ್ದೂ ಕಳಿಸಿದ್ದು ಮುಟ್ಟದಿದ್ದರೆ ತಪ್ಪು ಯಾರದು, ಗುರುಗಳೇ?" ಎಂದು ತಿಪ್ಪೇಶ ಕೇಳಿದ.

ತಿಪ್ಪೇಶ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಆ ವಿದ್ಯೆ ಕಲಿಸಿದ ಹಂಪಣ್ಣನವರ ಮುಂದೆ ಮುಖ ಬಾಡಿಸಿಕೊಂಡು ಕುಳಿತಿದ್ದ. ದೂರದ ಶಾಖೆಯ ಕಂಪ್ಯೂಟರುಗಳಿಗೆ ಅವನು ಇಲ್ಲಿಂದಲೇ, ಅವು ಹೇಗೆ ನಡೆಯಬೇಕೆಂಬ ಹೊಸ ಕಟ್ಟಳೆಗಳನ್ನು ಕಳಿಸಬೇಕು. "ಇದ್ದೀಯಾ?" ಎಂದು ಪಿಂಗ್ ಎಂಬ ಪುಟ್ಟ ಕರೆ ಕಳಿಸಿದರೆ "ಇದ್ದೇನೆ" ಎಂದು ಉತ್ತರ ಬರುತ್ತದೆ. ಕಟ್ಟಳೆಯ ದೊಡ್ಡ ಗಂಟು ಕಳಿಸಿದರೆ ಮಾತ್ರ ನಡುದಾರಿಯಲ್ಲೇ ಮಾಯ. ಸೋಮವಾರದೊಳಗೆ ಸರಿಹೋಗದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

"ನನ್ನ ಕಡೆ ಎಲ್ಲಾ ಭದ್ರ. ಬಾಗಿಲು ಕಾಯುವ ಫೈರ್‌ವಾಲ್ ಬಿಗಿ ಮಾಡಿದ್ದೇನೆ. ನಡುದಾರಿಯ ಯಂತ್ರಗಳಿಂದ ಬರುವ ಸಣ್ಣಪುಟ್ಟ ದೂರನ್ನೂ ಒಳಗೆ ಬಿಡುವುದಿಲ್ಲ. ಶಾಖೆಯವರೇ ಏನೋ ಕೆಡಿಸಿದ್ದಾರೆ."

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಹಂಪಣ್ಣನವರು ನಾಲಿಗೆಯ ತುದಿಯಲ್ಲೇ ತಡೆದು, ಕತೆ ತೆಗೆದರು.

ಒಬ್ಬ ವ್ಯಾಪಾರಿಯಿದ್ದ. ಅವನ ಮಗಳು ಬಾಣಂತನ ಮುಗಿಸಿ, ಕೂಸಿನೊಡನೆ ಬೆಟ್ಟದಾಚೆಯ ಗಂಡನ ಮನೆಗೆ ಹೋದಳು. ತವರಿನ ತೊಟ್ಟಿಲು ಬರದೆ ಆ ಮನೆಯಲ್ಲಿ ಕೂಸನ್ನು ತೂಗುವಂತಿರಲಿಲ್ಲ.

ದಾರಿಯಲ್ಲಿ ಒಂದು ಕೋಟೆ. ಅದರ ದಿಡ್ಡಿ ಬಾಗಿಲು ಚಿಕ್ಕದು. ಹೊತ್ತು ತಂದವರು ಹೊರೆಗಳನ್ನು ಅಲ್ಲಿಟ್ಟು ಮರಳುತ್ತಿದ್ದರು; ಕಾವಲುಗಾರ ಅವನ್ನು ಈಚೆಯಿಂದ ಆಚೆಗೆ ದಾಟಿಸುತ್ತಿದ್ದ. ಮುದ್ರೆ ಒತ್ತಿದ ಹೊರೆಯನ್ನು ಬಿಚ್ಚುವ ಹಕ್ಕು ಅವನಿಗಿರಲಿಲ್ಲ. ಹಿಡಿಸದ ಹೊರೆ ಬಂದರೆ, "ದೊಡ್ಡದಾಯಿತು, ಬಿಚ್ಚಿ ಕಳಿಸಿ" ಎಂದು ಕಳಿಸಿದವರ ಮನೆಗೆ ಹೇಳಿ ಬರಲು ಒಬ್ಬ ಆಳನ್ನು ಅಟ್ಟುತ್ತಿದ್ದ. ವ್ಯಾಪಾರಿಗೆ ಈ ತಕರಾರೆಂದರೆ ಮೈಯುರಿ. ಶುಭಕಾರ್ಯದ ಹೊತ್ತಿನಲ್ಲಿ ಕೋಟೆಯ ಆಳುಗಳು ಯಾರೂ ಹೊಸ್ತಿಲು ತುಳಿಯಕೂಡದೆಂದು ಮನೆಯವರಿಗೆ ಕಟ್ಟಪ್ಪಣೆ ಮಾಡಿದ.

ಮುದ್ರೆ ಒತ್ತಿದ ತೊಟ್ಟಿಲು ಹೊರಟಿತು. ಸುದ್ದಿ ಬರಲಿಲ್ಲ. ದಾರಿ ಹೇಗಿದೆ ನೋಡೋಣವೆಂದು ವ್ಯಾಪಾರಿ ವೀಳ್ಯದೆಲೆಯ ಪೊಟ್ಟಣ ಕಳಿಸಿದ. ಅದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ದಿಡ್ಡಿ ದಾಟಿತು. ಬೀಗರಿಂದ ಅಡಿಕೆಯ ಪೊಟ್ಟಣ ಬಂತು.

"ದಾರಿಗೇನೂ ಆಗಿಲ್ಲ. ತೊಟ್ಟಿಲು ಸಣ್ಣದಾಯಿತೆಂದು ಬೀಗರು ಮುನಿದಿರಬೇಕು" ಎಂದುಕೊಂಡ ವ್ಯಾಪಾರಿ, ಅದಕ್ಕಿಂತ ದೊಡ್ಡದನ್ನು ಮಾಡಿಸಿ ಕಳಿಸಿದ. ಅದಕ್ಕೂ ಉತ್ತರವಿಲ್ಲ. ಆಮೇಲೆ ಗಿಳಿ, ನವಿಲು ಕೆತ್ತಿದ, ಬಡಗಿಯೇ ಕಾಲು ಚಾಚಿ ಮಲಗಬಹುದಾದ ತೊಟ್ಟಿಲು ಹೊರಟಿತು.

ಅತ್ತ ಮಗಳು ಅತ್ತೆಯ ಕೊಂಕು ಕೇಳುತ್ತ, ಕೂಸನ್ನು ಮಡಿಲಲ್ಲೇ ಮಲಗಿಸಿಕೊಂಡು, ಅಪ್ಪ ಮರೆತನೆಂದು ಅಳುತ್ತಿದ್ದಳು. ಬಾಯಿಬಿಟ್ಟು ಕೇಳಿದರೆ ತವರಿಗೆ ಅವಮಾನವೆಂದು ಸುಮ್ಮನಿದ್ದಳು.

ಕೊನೆಗೆ ಬೀಗರನ್ನು ದಬಾಯಿಸಿಯೇ ತೀರುತ್ತೇನೆಂದು ವ್ಯಾಪಾರಿ ತಾನೇ ಹೊರಟ. ದಿಡ್ಡಿಯ ಈಚೆಗೆ ತೊಟ್ಟಿಲುಗಳು ಸಾಲಾಗಿದ್ದವು. ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಒಂದರಲ್ಲಿ ಮೇಕೆಮರಿ ಮಲಗಿತ್ತು. ನವಿಲಿನ ತೊಟ್ಟಿಲಲ್ಲಿ ಕಾವಲುಗಾರನೇ ಗೊರಕೆ ಹೊಡೆಯುತ್ತಿದ್ದ.

"ಮುಠ್ಠಾಳ! ಒಂದು ಮಾತು ಹೇಳಿ ಕಳಿಸೋಕೆ ನಿನಗೇನಾಗಿತ್ತು?"

ಕಾವಲುಗಾರ ಕಣ್ಣುಜ್ಜಿಕೊಂಡು ಎದ್ದು ಕೂತ. "ತೊಟ್ಟಿಲು ಬಂದಾಗಲೆಲ್ಲ ಆಳು ಅಟ್ಟಿದೀನಿ ಧಣಿ. ನಿಮ್ಮ ಮನೆಯವರು ಬಾಗಿಲಿಂದಲೇ ಓಡಿಸಿದ್ರಂತೆ. ಕಾಲು ಕಳಚಿ ಕಳಿಸಿದ್ರೆ ಕೂಸು ಯಾವತ್ತೋ ಇದರಲ್ಲಿ ಆಡ್ತಿತ್ತು."

ವ್ಯಾಪಾರಿ ಅಲ್ಲೇ ಕೂತು ಮೊದಲ ತೊಟ್ಟಿಲನ್ನು ಬಿಚ್ಚಿಸಿದ. ಹಲಗೆಗಳನ್ನು ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತ ಬೀಗರ ಮನೆಯ ಕದ ತಟ್ಟಿದ. ಕದ ತೆರೆಯಲು ಮೊಮ್ಮಗನೇ ನಡೆದು ಬಂದ.

ಕತೆ ಮುಗಿಯಿತು. ತಿಪ್ಪೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ದಡ್ಡ ಮನುಷ್ಯ, ಗುರುಗಳೇ! ಬಂದ ಆಳನ್ನು ಒಂದು ಮಾತು ಕೇಳಬಾರದಿತ್ತೇ?"

ಹಂಪಣ್ಣನವರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ನಿನ್ನ ಫೈರ್‌ವಾಲಿನ ಹೊಸ್ತಿಲ ಹೊರಗೆ ಆ ಆಳು ಇನ್ನೂ ನಿಂತಿದ್ದಾನೆ, ಹೋಗಿ ಕೇಳು."