ಕಡಲತೋಳಿನ ಕೊನೆಯ ಮನೆ

"ಗುರುಗಳೇ, ಅಷ್ಟು ದೊಡ್ಡದನ್ನು ಕಂಡ ಮೇಲೆ ಇಷ್ಟು ಚಿಕ್ಕ ಕೆಲಸವನ್ನು ಏಕೆ ಮಾಡಬೇಕು?"

ಕೇಳಿದವನು ಅಡವಯ್ಯ. ಮಠಕ್ಕೆ ಬರುವ ರೋಗಿಗಳಿಗೆ ಔಷಧಿ ಅರೆದು ಕೊಡುವುದು ಅವನ ಕೆಲಸ. ಆ ವರ್ಷ ಉತ್ತರದ ಹಿಮಪರ್ವತಗಳಿಗೆ ಯಾತ್ರೆ ಹೋಗಿದ್ದ. ಹಿಂದಿರುಗಿದ ಮೇಲೆ ಅರೆಯುವ ಕಲ್ಲಿನ ಮುಂದೆ ಒಮ್ಮೆಯೂ ಕೂರಲಿಲ್ಲ. ಜನ ಬಂದು ಜಗುಲಿಯಲ್ಲಿ ಕಾದು ಎದ್ದು ಹೋಗುತ್ತಿದ್ದರು. ಅವನಿಗೆ ಅದು ಕಾಣುತ್ತಿತ್ತು, ಆದರೆ ಮನಸ್ಸಿಗೆ ತಾಗುತ್ತಿರಲಿಲ್ಲ.

"ಆ ಪರ್ವತಗಳ ಮುಂದೆ ನಿಂತಾಗ ನಾನು ಏನೂ ಅಲ್ಲ ಎಂದು ತಿಳಿಯಿತು. ನಾನು ಅರೆದರೂ ಒಂದೇ, ಅರೆಯದಿದ್ದರೂ ಒಂದೇ. ಇದು ವೈರಾಗ್ಯವಲ್ಲವೇ?" ಎಂದ.

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂರು ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಊರೂರು ತಿರುಗಿ ತಾಮ್ರದ ಪಾತ್ರೆ ಮಾರುತ್ತಿದ್ದ. ವ್ಯಾಪಾರ ಒಂದು ನೆಪ. ಅವನಿಗೆ ಇದ್ದದ್ದು ನೋಡುವ ಹಂಬಲ. ಯಾರಾದರೂ ಒಂದು ಜಾಗದ ಹೆಸರು ಹೇಳಿದರೆ, "ಅಲ್ಲಿಗೆ ಹೋಗಿ ಬಂದಿದ್ದೇನೆ" ಎನ್ನಬೇಕು. ಹಾಗೆ ಹೇಳಲಾಗದ ಜಾಗ ಇದೆಯೆಂದರೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

ಹೀಗೆ ತಿರುಗುತ್ತ ಅವನು ಉತ್ತರದ ಒಂದು ದೂರದೇಶಕ್ಕೆ ಬಂದ. ಅಲ್ಲಿ ನೆಲಕ್ಕಿಂತ ನೀರು ಹೆಚ್ಚು. ಬೆಟ್ಟಗಳ ನಡುವೆ ಸರೋವರಗಳು ಒಂದರ ಹಿಂದೆ ಒಂದು ಮಲಗಿವೆ. ಅವು ಮುಗಿದಲ್ಲಿ ಕಡಲು ಎದುರಾಗುತ್ತದೆ. ಕಡಲು ಅಲ್ಲಿ ದಡದಲ್ಲಿ ನಿಲ್ಲುವುದಿಲ್ಲ, ಬೆಟ್ಟಗಳನ್ನು ಸೀಳಿಕೊಂಡು ಒಳನಾಡಿಗೆ ತೋಳು ಚಾಚುತ್ತದೆ. ಆ ದೇಶದವರು ಅದನ್ನು ಕಡಲತೋಳು ಎನ್ನುತ್ತಾರೆ. ಅಂಥ ಒಂದು ತೋಳಿನ ತುತ್ತತುದಿಯಲ್ಲಿ ಒಂದೇ ಒಂದು ಮನೆ ಇದೆ, ಅದರಾಚೆ ಹಿಮವಲ್ಲದೆ ಏನೂ ಇಲ್ಲ ಎಂದು ಸಂತೆಯಲ್ಲಿ ಯಾರೋ ಹೇಳಿದರು. ವರ್ತಕ ಅಂದೇ ಆ ದಾರಿ ವಿಚಾರಿಸಿದ.

ಆ ಮನೆಗೆ ಹೊರಟಿದ್ದವಳು ಒಬ್ಬಳೇ. ಅವಳು ಸೂಲಗಿತ್ತಿ, ನಡುವಯಸ್ಸು ದಾಟಿದವಳು. ಕೊನೆಯ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಇದ್ದರು. ಹಿಂದಿನ ವರ್ಷ ಆ ಹೆಂಡತಿ ಒಬ್ಬಳೇ ಹೆತ್ತು ಮಗುವನ್ನು ಕಳೆದುಕೊಂಡಿದ್ದಳು, ತಾನೂ ಸಾವಿನ ಬಾಗಿಲು ಮುಟ್ಟಿ ಬಂದಿದ್ದಳು. ಈಗ ಮತ್ತೆ ಬಸುರಿ. ಚಳಿಗಾಲ ಹಿಡಿಯುವ ಮುಂಚೆ ಗಂಡ ಮೀನು ಮಾರಲು ಬಂದವನು ಸೂಲಗಿತ್ತಿಯ ಕೈ ಹಿಡಿದು, "ಸರೋವರಗಳ ಹೆಪ್ಪು ಒಡೆದ ಕೂಡಲೇ ಬಾ ತಾಯಿ" ಎಂದು ಬೇಡಿ ಹೋಗಿದ್ದ. ಹೆಪ್ಪು ಒಡೆದಿತ್ತು. ದೋಣಿಯಲ್ಲಿ ಜೊತೆಗೆ ಹುಟ್ಟು ಹಾಕಬೇಕಾಗಿದ್ದ ಅವಳ ತಮ್ಮನು ಭುಜ ಮುರಿದುಕೊಂಡು ಮಲಗಿದ್ದ. ವರ್ತಕ ಆ ಹುಟ್ಟು ಹಿಡಿಯುತ್ತೇನೆಂದ. ಅವಳು ಅವನ ಅಂಗೈ ಮುಟ್ಟಿ ನೋಡಿದಳು. ಮೆತ್ತಗಿತ್ತು. ಆದರೂ ಒಪ್ಪಿಕೊಂಡಳು. ಬೇರೆ ಯಾರೂ ಸಿಕ್ಕಿರಲಿಲ್ಲ.

ಮೊದಲ ಸರೋವರದಲ್ಲಿ ವರ್ತಕ ಬಾಯಿ ಮುಚ್ಚಲಿಲ್ಲ. ತಾನು ಕಂಡ ಬಂದರು, ತಾನು ದಾಟಿದ ಮರುಭೂಮಿ, ತನಗೆ ಔತಣವಿಟ್ಟ ದೊರೆ, ಎಲ್ಲ ಹೇಳಿದ. ಸೂಲಗಿತ್ತಿ ಹೂಂಗುಟ್ಟುತ್ತ ಹುಟ್ಟು ಹಾಕಿದಳು. ಸರೋವರ ಮುಗಿದಾಗ ಇಬ್ಬರೂ ದೋಣಿಯನ್ನು ನೆಲದ ಮೇಲೆ ಎಳೆದು ಇನ್ನೊಂದು ಸರೋವರಕ್ಕೆ ಇಳಿಸಿದರು.

ಅಲ್ಲಿ ಗಾಳಿಯಿರಲಿಲ್ಲ. ಬೆಟ್ಟಗಳು ಮೇಲೆ ಎಷ್ಟಿದ್ದವೋ ನೀರೊಳಗೂ ಅಷ್ಟೇ ಇದ್ದವು. ದೋಣಿ ಎರಡು ಆಕಾಶಗಳ ನಡುವೆ ನೇತಾಡುತ್ತಿರುವಂತಿತ್ತು. ವರ್ತಕ ಹುಟ್ಟನ್ನು ನೀರಿಗಿಡಲು ಹೆದರಿದ, ಎಲ್ಲಿ ಆ ಬೆಟ್ಟ ಒಡೆದು ಹೋಗುತ್ತದೋ ಎಂದು. ಅವನ ಮಾತು ಕಡಿಮೆಯಾಯಿತು.

"ಆ ಬೆಟ್ಟದ ಹೆಸರೇನು?" ಎಂದು ಕೇಳಿದ.

"ಅದಕ್ಕೆ ಹೆಸರಿಲ್ಲ. ಕರೆಯುವಷ್ಟು ಹತ್ತಿರ ಯಾರೂ ಹೋಗಿಲ್ಲ" ಎಂದಳು ಸೂಲಗಿತ್ತಿ.

ಹೆಸರಿಲ್ಲದ ಬೆಟ್ಟವನ್ನು ವರ್ತಕ ಅದುವರೆಗೆ ಕಂಡಿರಲಿಲ್ಲ. ಊರಿಗೆ ಹಿಂದಿರುಗಿ ಇದನ್ನು ಏನೆಂದು ಹೇಳುವುದು?

ಕೊನೆಯ ಸರೋವರ ದಾಟಿ, ಕಣಿವೆಯಿಳಿದು, ಅವರು ಕಡಲತೋಳಿಗೆ ಬಂದರು. ಎರಡು ಕಡೆಯೂ ಕಲ್ಲಿನ ಗೋಡೆ ನೀರಿನಿಂದ ನೇರವಾಗಿ ಎದ್ದು ಮೋಡದಲ್ಲಿ ಸೇರಿಹೋಗಿತ್ತು. ಅಷ್ಟೆತ್ತರದಿಂದ ಒಂದು ಜಲಪಾತ ಬೀಳುತ್ತಿತ್ತು. ಬೀಳುತ್ತ ಬೀಳುತ್ತ ಹೊಗೆಯಾಗಿ, ಕೆಳಗೆ ಮುಟ್ಟುವ ಮುಂಚೆಯೇ ಇಲ್ಲವಾಗುತ್ತಿತ್ತು. ಬಂಡೆಗಳ ಸಂದಿನಲ್ಲಿ ನೀಲಿ ಹಿಮ ನದಿಯಂತೆ ಜೋತುಬಿದ್ದಿತ್ತು. ಅದರಿಂದ ಒಂದು ತುಂಡು ಕಳಚಿ ನೀರಿಗೆ ಬಿದ್ದದ್ದನ್ನು ವರ್ತಕ ಕಂಡ. ಅದು ಬಿದ್ದ ಎಷ್ಟೋ ಹೊತ್ತಿನ ಮೇಲೆ ಸದ್ದು ಬಂತು. ಆ ತುಂಡು ಒಂದು ದೇವಾಲಯದಷ್ಟು ದೊಡ್ಡದಿತ್ತು. ಹಿಮ ಇದ್ದಹಾಗೆಯೇ ಇತ್ತು, ಏನೂ ಕಡಿಮೆಯಾದಂತೆ ತೋರಲಿಲ್ಲ.

ಆ ಋತುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಬೆಳಕು ಬೆಟ್ಟದಿಂದ ಬೆಟ್ಟಕ್ಕೆ ಸರಿಯುತ್ತಿತ್ತು, ಅಷ್ಟೇ. ಊಟದ ಹೊತ್ತು, ನಿದ್ದೆಯ ಹೊತ್ತು ಎಂಬುದು ಉಳಿಯಲಿಲ್ಲ. ವರ್ತಕನಿಗೆ ಮೊದಲು ಸಂತೋಷವಾಯಿತು. ಆಮೇಲೆ ಮೈ ಜುಮ್ಮೆಂದಿತು. ಆಮೇಲೆ ಕಣ್ಣಲ್ಲಿ ನೀರು ಬಂತು, ಏಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಅವನೊಳಗೆ ಒಂದು ನಿಶ್ಶಬ್ದ ಕುಳಿತಿತು. ನಾನು ಹುಟ್ಟದಿದ್ದರೆ ಇಲ್ಲಿ ಏನಾದರೂ ಕಡಿಮೆಯಾಗುತ್ತಿತ್ತೇ ಎಂದು ಕೇಳಿಕೊಂಡ. ಏನೂ ಕಡಿಮೆಯಾಗುತ್ತಿರಲಿಲ್ಲ. ಆ ಉತ್ತರದಿಂದ ಅವನಿಗೆ ದುಃಖವಾಗಲಿಲ್ಲ. ಜೀವಮಾನವೆಲ್ಲ ಹೊತ್ತು ತಿರುಗಿದ ಏನನ್ನೋ ಕೆಳಗಿಳಿಸಿದಷ್ಟು ಹಗುರವಾಯಿತು.

ಮುಂದೆ ಕಡಲತೋಳು ಒಂದು ಕಡೆ ಕಿರಿದಾಗುತ್ತದೆ. ಎರಡು ಬಂಡೆಗಳ ನಡುವಿನ ಆ ಕಂಡಿಯಲ್ಲಿ ಉಬ್ಬರ ಇಳಿತಗಳ ನೀರೆಲ್ಲ ನುಗ್ಗಿ ಹೊರಳುತ್ತದೆ. ನೀರು ತಿರುಗುವ ಹೊತ್ತಿನಲ್ಲಿ ಮಾತ್ರ, ಒಂದು ಗಳಿಗೆ, ಅದು ಸುಮ್ಮನಿರುತ್ತದೆ. ಆ ಗಳಿಗೆಗಾಗಿ ಇಬ್ಬರೂ ಒಂದು ಕಲ್ಲುದಡದಲ್ಲಿ ಕಾದರು. ಸೂಲಗಿತ್ತಿ ಕಂಡಿಯನ್ನೇ ನೋಡುತ್ತಿದ್ದಳು. ವರ್ತಕ ಮೇಲೆ ನೋಡುತ್ತಿದ್ದ.

ನೀರಿನ ಅಬ್ಬರ ತಗ್ಗಿತು. ಅವಳು ಎದ್ದು ದೋಣಿಯನ್ನು ತಳ್ಳಿದಳು. ವರ್ತಕ ಏಳಲಿಲ್ಲ.

"ನೀನು ಹೋಗು ತಾಯಿ. ನಾನು ಇಲ್ಲೇ ಇರುತ್ತೇನೆ" ಎಂದ.

"ಇಲ್ಲಿ ಏನಿದೆ?"

"ನೋಡಬೇಕಾದದ್ದನ್ನು ನೋಡಿಯಾಯಿತು. ಇಷ್ಟು ದೊಡ್ಡದರ ನಡುವೆ ನಾನು ಒಂದು ಹುಳು. ಹುಳು ಈ ದಡದಲ್ಲಿದ್ದರೇನು, ಆ ದಡದಲ್ಲಿದ್ದರೇನು? ಇಲ್ಲೇ ಕೂತು ಇದನ್ನು ನೋಡುತ್ತ ಮುಗಿದುಹೋಗುತ್ತೇನೆ. ನನಗೆ ಭಯವಿಲ್ಲ."

ಸೂಲಗಿತ್ತಿ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಮುಖ ತಿಳಿಯಾಗಿತ್ತು.

"ನಿಮಗೆ ಭಯವಿಲ್ಲ, ಸರಿ" ಎಂದಳು. "ಆದರೆ ಒಂಟಿ ಕೈಯಲ್ಲಿ ಈ ಕಂಡಿ ದಾಟಲು ನನ್ನಿಂದ ಆಗುವುದಿಲ್ಲ. ಅಲ್ಲಿ ಒಬ್ಬ ಹೆಂಗಸು ನೋವು ತಿನ್ನುತ್ತಿರಬಹುದು. ನೀವು ಮುಗಿದುಹೋಗುವುದಾದರೆ ನನ್ನನ್ನು ಆಚೆ ದಾಟಿಸಿ ಮುಗಿದುಹೋಗಿ."

ವರ್ತಕನಿಗೆ ಆ ಮಾತು ಹಿಡಿಸಲಿಲ್ಲ. ದೊಡ್ಡ ಧ್ಯಾನದಿಂದ ಯಾರೋ ಅಂಗಿ ಹಿಡಿದು ಎಳೆದಂತಾಯಿತು. ಆದರೆ ಅವಳು ಆಗಲೇ ಮೊಣಕಾಲುದ್ದ ನೀರಿನಲ್ಲಿ ದೋಣಿ ಹಿಡಿದು ನಿಂತಿದ್ದಳು. ಆ ನೀರು ಹಿಮದ ನೀರು. ಅವಳ ತುಟಿ ನೀಲಿಯಾಗುತ್ತಿತ್ತು. ಅವಳು ಮತ್ತೆ ಕರೆಯಲಿಲ್ಲ, ಹತ್ತಲೂ ಇಲ್ಲ. ವರ್ತಕ ಬೇಸರದಿಂದಲೇ ಎದ್ದು ಬಂದು ಹುಟ್ಟು ಹಿಡಿದ.

ಈ ಮಾತಿನಲ್ಲಿ ನೀರು ಸುಮ್ಮನಿದ್ದ ಗಳಿಗೆ ಕಳೆದುಹೋಗಿತ್ತು. ಅರ್ಧ ಕಂಡಿ ದಾಟುವಷ್ಟರಲ್ಲಿ ಕಡಲು ಹೊರಳಿತು. ಮೊದಲು ನೀರಿನ ಮೇಲೆ ಸುಕ್ಕು ಕಾಣಿಸಿತು. ಮರುಕ್ಷಣ ಅದು ಎದ್ದು ನಿಂತಿತು. ಸುಳಿಗಳು ಬಾಯಿ ತೆರೆದವು. ದೋಣಿ ಬಂಡೆಯ ಕಡೆಗೆ ಅಡ್ಡಡ್ಡ ಸರಿಯಿತು. ವರ್ತಕ ತಲೆಯೆತ್ತಿದ. ಇಡೀ ಬೆಟ್ಟ ತನ್ನ ಮೇಲೆ ಬಾಗಿದಂತಿತ್ತು. ಅದೆಷ್ಟು ಸುಂದರವಾಗಿತ್ತೆಂದರೆ ಅವನ ಕೈ ನಿಂತುಹೋಯಿತು.

"ಬೆಟ್ಟ ನೋಡಬೇಡಿ!" ಮುಂದೆ ಕುಳಿತಿದ್ದ ಸೂಲಗಿತ್ತಿ ತಿರುಗದೆಯೇ ಕೂಗಿದಳು. "ನನ್ನ ಬೆನ್ನು ನೋಡಿ! ಅದು ಬಾಗಿದಾಗ ಬಾಗಿ, ಎಳೆದಾಗ ಎಳೆಯಿರಿ!"

ವರ್ತಕ ಅವಳ ಬೆನ್ನು ನೋಡಿದ. ಕಂಬಳಿ ಹೊದ್ದ, ನೆನೆದ, ಅಗಲವಿಲ್ಲದ ಬೆನ್ನು. ಅದು ಬಾಗಿತು, ಅವನೂ ಬಾಗಿದ. ಅದು ಎಳೆಯಿತು, ಅವನೂ ಎಳೆದ. ಅಂಗೈ ಒಡೆದು ಹುಟ್ಟಿನ ಹಿಡಿ ಜಾರತೊಡಗಿತು. ದೋಣಿಗೆ ನೀರು ನುಗ್ಗಿ ಭಾರವಾದಾಗ ಅವಳು ಹೇಳುವ ಮುಂಚೆಯೇ ತನ್ನ ತಾಮ್ರದ ಗಂಟನ್ನು ಕಾಲಿನಿಂದ ಒದ್ದು ಕಡಲಿಗೆ ಕೆಡವಿದ. ತಾನು ಹುಳುವೋ ಮನುಷ್ಯನೋ ಎಂಬ ಯೋಚನೆ ಆಗ ಅವನಿಗೆ ಬರಲಿಲ್ಲ. ಬಂಡೆ ಕೈಗೆ ಎಟುಕುವಷ್ಟು ಹತ್ತಿರ ಬಂದು, ಸರಿದು, ಹಿಂದೆ ಉಳಿಯಿತು. ಕಂಡಿ ಅವರನ್ನು ಆಚೆಗೆ ಉಗುಳಿತು.

ಅಲ್ಲಿ ನೀರು ಹಾಲಿನಂತೆ ನಿಂತಿತ್ತು. ಬೆಟ್ಟಗಳು ಇನ್ನೂ ಎತ್ತರವಾಗಿದ್ದವು. ಎಲ್ಲದರ ಬುಡದಲ್ಲಿ ಒಂದು ಮನೆ ಇತ್ತು. ಮನೆಯ ಮುಂದಿನ ಬಂಡೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದ. ದೋಣಿಯನ್ನು ಕಂಡವನು ಕೂಗಲಿಲ್ಲ, ಕೈ ಬೀಸಲಿಲ್ಲ. ನೇರ ನೀರಿಗಿಳಿದ. ಎದೆಮಟ್ಟದ ನೀರಿನವರೆಗೆ ನಡೆದು ಬಂದು ದೋಣಿಯ ಅಂಚನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದುಕೊಂಡ. ದೋಣಿ ದಡ ಮುಟ್ಟಿದರೂ ಹಿಡಿದವನು ಬಿಡಲೊಲ್ಲ. ಸೂಲಗಿತ್ತಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದಡಕ್ಕೆ ಹಾರಿ ಮನೆಯೊಳಗೆ ಓಡಿದಳು.

ಹೆರಿಗೆ ಕಷ್ಟದ್ದೇ ಆಯಿತು. ಮಗು ಅಡ್ಡಲಾಗಿತ್ತು. ಹೊರಗೆ ಗಂಡಸರಿಬ್ಬರೂ ಗೋಡೆಗೆ ಒರಗಿ ಕುಳಿತರು. ಒಳಗಿನ ಕೂಗು ಏರುವಾಗ ಗಂಡ ವರ್ತಕನ ಗಾಯದ ಕೈಯನ್ನೇ ಹಿಸುಕುತ್ತಿದ್ದ. ವರ್ತಕ ಕೈ ಬಿಡಿಸಿಕೊಳ್ಳಲಿಲ್ಲ. ಬೆಳಕು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಸರಿದಿತ್ತು, ಆಗ ಒಳಗಿಂದ ಎಳೆಯ ಅಳು ಕೇಳಿಸಿತು. ಬಾಗಿಲಿಗೆ ಬಂದ ಸೂಲಗಿತ್ತಿ, "ಹೆಣ್ಣು. ತಾಯಿ ನೀರು ಕೇಳುತ್ತಿದ್ದಾಳೆ" ಎಂದಳು. ಹೇಳಿದವಳೇ ಹೊಸ್ತಿಲ ಮೇಲೆ ಕುಳಿತು ನಿದ್ದೆಹೋದಳು.

ವರ್ತಕ ತಲೆಯೆತ್ತಿ ನೋಡಿದ. ಬೆಟ್ಟಗಳು ಅಷ್ಟೇ ದೊಡ್ಡವಾಗಿದ್ದವು. ಅವನ ಮೈ ಮತ್ತೆ ಜುಮ್ಮೆಂದಿತು. ಈ ಸಲ ಅವನು ಪಕ್ಕದವನಿಗೆ ಹೇಳದೆ ಇರಲಾರದೆ ಹೇಳಿದ: "ಎಂಥ ಜಾಗದಲ್ಲಿದ್ದೀಯಪ್ಪ! ಈ ಬೆಟ್ಟಗಳಷ್ಟು ದೊಡ್ಡದನ್ನು ನಾನು ಎಲ್ಲಿಯೂ ಕಂಡಿಲ್ಲ."

ಆ ಮನುಷ್ಯ ಬೆಟ್ಟಗಳ ಕಡೆ ನೋಡಿದ.

"ಹೌದು, ದೊಡ್ಡವು" ಎಂದ. "ಅವಳಿಗೆ ನೋವು ಶುರುವಾದಾಗಿನಿಂದ ನಾನು ಆ ಬಂಡೆಯ ಮೇಲೆ ನಿಂತಿದ್ದೆ. ಬೆಟ್ಟದಿಂದ ಬೆಟ್ಟದವರೆಗೆ ಬರಿ ನೀರು. ಆಮೇಲೆ ಕಂಡಿಯ ಬಾಯಲ್ಲಿ ನಿಮ್ಮ ದೋಣಿ ಕಾಣಿಸಿತು. ಕಂಡ ಮೇಲೆ, ಸ್ವಾಮಿ, ನನಗೆ ಬೆಟ್ಟ ಕಾಣಲಿಲ್ಲ. ಕಣ್ಣಿನ ತುಂಬ ದೋಣಿಯೇ ಇತ್ತು."

ಸೂಲಗಿತ್ತಿಗೆ ಎಚ್ಚರವಾದ ಮೇಲೆ ವರ್ತಕ ಮುಂದಿನ ಇಳಿತಕ್ಕೆ ಅವಳ ಹಿಂದೆ ಕುಳಿತು ಹುಟ್ಟು ಹಾಕುತ್ತ ಹೊರಟ. ಅಂಗೈ ಮಾಯುವವರೆಗೆ ಅವಳ ಊರಿನಲ್ಲೇ ಉಳಿದ. ಅವಳ ತಮ್ಮನ ಭುಜ ನೆಟ್ಟಗಾಗುವವರೆಗೆ ಇನ್ನೆರಡು ಹೆರಿಗೆಗಳಿಗೂ ದೋಣಿ ನಡೆಸಿದನಂತೆ.

ಗುರು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಆ ಕಲ್ಲುದಡದಲ್ಲಿ ವರ್ತಕ ಕಂಡದ್ದು ಸುಳ್ಳೇ ಗುರುಗಳೇ?" ಎಂದು ಅಡವಯ್ಯ ಕೇಳಿದ. "ಅಷ್ಟು ದೊಡ್ಡ ಬೆಟ್ಟಗಳ ಕೆಳಗೆ ಆ ದೋಣಿ ಚಿಕ್ಕದೇ ಅಲ್ಲವೇ?"

"ಚಿಕ್ಕದೇ" ಎಂದರು ಗುರು, "ಅದರೊಳಗೆ ಕುಳಿತವನಿಗೆ."

ಅಡವಯ್ಯ ಎದ್ದು ಅರೆಯುವ ಕಲ್ಲಿನ ಕಡೆಗೆ ನಡೆದ.