ನೇಕಾರನ ಹಿಡಿಯಕ್ಕಿ

"ಅಯ್ಯನವರೇ, ಕೊಟ್ಟರೂ ಕಡಿಮೆಯಾಗದಿರುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಉಪದೇಶಿಗಳು ಕೈಯಲ್ಲಿದ್ದ ಪುಸ್ತಕವನ್ನು ಮಡಚಿಟ್ಟು, "ಏನನ್ನು ಕೊಟ್ಟೆ?" ಎಂದರು.

"ದೇವರಿಗೆ ಹಿಡಿಯಕ್ಕಿ. ನಮ್ಮ ಸಭೆಯವರೆಲ್ಲ ಅಡಿಗೆಗೆ ಮುಂಚೆ ಒಂದು ಹಿಡಿ ತೆಗೆದಿಡುತ್ತಾರಲ್ಲವೇ? ನಮ್ಮ ಮನೆಯಲ್ಲಿ ಎರಡು ಹಿಡಿ ತೆಗೆಯಬೇಕೆಂದು ಹಬ್ಬದ ದಿನದಿಂದ ಗೊತ್ತುಮಾಡಿದ್ದೇನೆ. ತ್ಯಾಗ ಮಾಡಿದರೆ ಹೊಟ್ಟೆಗೆ ಸ್ವಲ್ಪವಾದರೂ ತಿಳಿಯಬೇಕಲ್ಲ. ನನಗೆ ಏನೂ ತಿಳಿಯುತ್ತಿಲ್ಲ. ಇದು ದೇವರ ಕೃಪೆಯೋ, ಇಲ್ಲವೇ ನಾನು ಕೊಡುವುದು ಇನ್ನೂ ಸಾಲದೋ? ಸಾಲದು ಎನ್ನುವುದಾದರೆ ನಾಳೆಯಿಂದ ಮೂರು ಹಿಡಿ ಮಾಡುತ್ತೇನೆ."

"ನಾಳೆಯ ಮಾತು ನಾಳೆಗಿರಲಿ, ಕುಳಿತುಕೋ" ಎಂದು ಉಪದೇಶಿಗಳು ಹೀಗೆ ಹೇಳಿದರು.

ಒಬ್ಬ ನೇಕಾರನಿದ್ದನು. ಮನೆಯಲ್ಲಿ ಹೆಂಡತಿ, ಓಡಾಡುವ ಇಬ್ಬರು ಮಕ್ಕಳು, ಮೊಲೆಯುಣ್ಣುವ ಒಂದು ಕೂಸು. ಸಂತೆಯಿಂದ ಸಂತೆಗೆ ತರುವ ಅಕ್ಕಿ ಇಷ್ಟೇ ಎಂದು ಗೊತ್ತು. ಅದರಲ್ಲಿ ದಿನಕ್ಕೆ ಮೂರು ಪಾವು ಬೇಯುತ್ತಿತ್ತು. ಅವರ ಸಭೆಯಲ್ಲಿಯೂ ಹಿಡಿಯಕ್ಕಿಯ ಪದ್ಧತಿಯಿತ್ತು. ಅಕ್ಕಿ ತೊಳೆಯುವ ಮೊದಲು ಮನೆಯೊಡತಿ ಒಂದು ಹಿಡಿಯನ್ನು ದೇವರ ಮಡಕೆಗೆ ಹಾಕುವಳು. ಭಾನುವಾರ ಆ ಮಡಕೆಗಳನ್ನು ಒಯ್ದು ದೇವಾಲಯದ ದೊಡ್ಡ ಕುಕ್ಕೆಗೆ ಸುರಿಯುವರು. ಆ ಅಕ್ಕಿ ವಿಧವೆಯರ ಮನೆಗೂ ರೋಗಿಗಳ ಮನೆಗೂ ಹೋಗುವುದು.

ಒಂದು ಭಾನುವಾರ ನೇಕಾರನ ಕಣ್ಣು ಅಕ್ಕಪಕ್ಕದವರ ಮಡಕೆಗಳ ಮೇಲೆ ಬಿದ್ದಿತು. ತನ್ನದು ಅವುಗಳ ನಡುವೆ ಬಡವಾಗಿ ಕಂಡಿತು. ಮರುದಿನ ಬೆಳಿಗ್ಗೆ ಅವನು ಅಡಿಗೆಮನೆಗೆ ಬಂದನು.

"ನಿನ್ನ ಕೈ ಸಣ್ಣದು. ಇನ್ನು ಮೇಲೆ ದೇವರ ಹಿಡಿಯನ್ನು ನಾನೇ ತೆಗೆಯುತ್ತೇನೆ" ಎಂದನು.

ಅವನದು ಅಗಲವಾದ ಕೈ. ಅಳೆದಿಟ್ಟ ಅಕ್ಕಿಗೆ ಅದು ಇಳಿದು ಮೇಲೆ ಬಂದಾಗ ಮೊರದಲ್ಲಿ ಒಂದು ಗುಳಿ ಬಿದ್ದಿತು. ಹೆಂಡತಿ ಆ ಗುಳಿಯನ್ನು ನೋಡಿದಳು.

"ಕೈಯೇನೋ ದೊಡ್ಡದಾಯಿತು. ಪಾವು ಬೆಳೆಯಲಿಲ್ಲವಲ್ಲ!" ಎಂದಳು.

ನೇಕಾರನು ನಕ್ಕು, "ಅದನ್ನು ದೇವರು ನೋಡಿಕೊಳ್ಳುತ್ತಾನೆ" ಎಂದು ಮಗ್ಗಕ್ಕೆ ಹೋದನು.

ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ವಾರ ಕಳೆಯುವಷ್ಟರಲ್ಲಿ ಅವನ ಮಡಕೆ ಬಾಯಿಯವರೆಗೆ ತುಂಬಿತು. ಆದರೆ ಅವನಿಗೆ ಒಂದು ಸೋಜಿಗ ಕಾಣಿಸಿತು. ತಟ್ಟೆಯಲ್ಲಿ ಅನ್ನ ಮೊದಲಿನಷ್ಟೇ ಇತ್ತು. ಒಂದು ತುತ್ತೂ ಕುಗ್ಗಿರಲಿಲ್ಲ. ಅವನು ಭಾನುವಾರ ಸಭೆಯಲ್ಲಿ ಎದ್ದುನಿಂತು, ಕೊಟ್ಟಷ್ಟನ್ನೂ ದೇವರು ಹೆಚ್ಚಿಸಿಕೊಡುತ್ತಾನೆಂದು ಸಾಕ್ಷಿ ಹೇಳಿದನು. ಕೇಳಿದವರು ತಲೆದೂಗಿದರು. ಮುಂದಿನ ವಾರ ಮತ್ತೆ ಹೇಳಿಸಿದರು. ನೆರೆಯೂರಿನಿಂದ ಬಂದವರಿದ್ದರೆ ಅವರಿಗೂ ಹೇಳಿಸಿದರು.

ಹೀಗೆ ಒಂದು ತಿಂಗಳು ನಡೆಯಿತು. ಆಗ ಒಬ್ಬ ಮುದುಕಿ, ಕಿವಿ ಸ್ವಲ್ಪ ಮಂದವಾಗಿದ್ದವಳು, ಅವನನ್ನು ದೇವಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡಳು.

"ಎಲ್ಲ ಕೇಳಿದೆನಪ್ಪಾ. ಒಂದು ಮಾತ್ರ ತಿಳಿಯಲಿಲ್ಲ. ಅಕ್ಕಿ ಹೆಚ್ಚುವುದು ಎಲ್ಲಿ? ಮೊರದಲ್ಲೋ, ಪಾತ್ರೆಯಲ್ಲೋ, ತಟ್ಟೆಯಲ್ಲೋ?"

ಸುತ್ತ ಇದ್ದವರು ನಕ್ಕರು. ನೇಕಾರನೂ ನಕ್ಕನು. ಆದರೆ ಆ ಪ್ರಶ್ನೆ ಅವನ ಜೊತೆಯಲ್ಲಿಯೇ ಮನೆಗೆ ಬಂದಿತು. ಹೌದಲ್ಲ, ಎಲ್ಲಿ? ದೇವರು ಕೈಯಿಡುವ ಗಳಿಗೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟಿತು.

ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತರೆ ಅವನ ಮುಖ ಬೀದಿಗೆ, ಬೆನ್ನು ಅಡಿಗೆಮನೆಗೆ. ಹನ್ನೆರಡು ವರ್ಷ ಹಾಗೆಯೇ ಕುಳಿತಿದ್ದನು. ಸೋಮವಾರ ಬೆಳಿಗ್ಗೆ ಅವನು ನೂಲಿನ ಸಿಕ್ಕು ಬಿಡಿಸುವವನಂತೆ ತಿರುಗಿ ಕುಳಿತನು.

ಮೊರದಲ್ಲಿ ಅಕ್ಕಿ ಹೆಚ್ಚಲಿಲ್ಲ. ತೊಳೆದಾಗಲೂ ಹೆಚ್ಚಲಿಲ್ಲ. ಕುದಿಯುವಾಗ ಪಾತ್ರೆಯಲ್ಲಿ ಉಬ್ಬಿ ಬಂದಿತು. ಅವನು ಕತ್ತು ಚಾಚಿ ನೋಡಿದನು. ಎಲ್ಲರ ಮನೆಯ ಅಕ್ಕಿಯೂ ಅಷ್ಟು ಉಬ್ಬುತ್ತದೆ. ಅವನ ತಟ್ಟೆಗೆ ಎಂದಿನಷ್ಟೇ ಬಿದ್ದಿತು. ಉಂಡು ಬಂದು ಮತ್ತೆ ನೂಲು ಹಿಡಿದನು. ಮಕ್ಕಳ ತಟ್ಟೆಗೂ ಎಂದಿನಷ್ಟೇ ಬಿದ್ದಿತು. ಆಮೇಲೆ ಸೌಟು ಪಾತ್ರೆಯ ತಳಕ್ಕೆ ತಗುಲಿ ಸದ್ದಾಯಿತು. ತಳದಲ್ಲಿ ಅಂಟಿದ್ದನ್ನು ಹೆಂಡತಿ ಕೆರೆದು, ಇನ್ನೂ ಬೇಕೆಂದ ಮಗುವಿಗೆ ಹಾಕಿದಳು. ಖಾಲಿ ಪಾತ್ರೆಗೆ ನೀರು ಹೊಯ್ದಳು. ಒಂದು ಚಿಟಿಕೆ ಉಪ್ಪು ಹಾಕಿ, ಕದಡಿ, ಎತ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಕೂಸನ್ನು ಮೊಲೆಗೆ ಹಾಕಿಕೊಂಡಳು. ಕೂಸು ಸ್ವಲ್ಪ ಚೀಪಿ, ಬಿಟ್ಟು, ಅತ್ತಿತು. ಅದು ಒಂದು ತಿಂಗಳಿಂದ ಅಳುತ್ತಿತ್ತು. ಹಲ್ಲು ಬರುತ್ತಿರಬೇಕೆಂದು ಅವನು ತಿಳಿದಿದ್ದನು.

ನೇಕಾರನು ಕುಣಿಯಿಂದ ಎದ್ದು ಬಂದನು.

"ಎಂದಿನಿಂದ ಹೀಗೆ?"

"ನಿಮ್ಮ ಕೈ ಮೊರಕ್ಕೆ ಬಂದಂದಿನಿಂದ."

"ನನಗೆ ಒಂದು ಸೌಟು ಕಡಿಮೆ ಹಾಕಬಾರದಿತ್ತೇ?"

"ಮೊದಲ ವಾರ, ಮಗ್ಗಕ್ಕೆ ಕೂರುವವರು ಎಂದು ಹಾಕಿದೆ. ಆಮೇಲೆ ನೀವು ಸಾಕ್ಷಿ ಹೇಳಿಬಿಟ್ಟಿರಿ. ದೇವರ ಮುಂದೆ ನಿಂತು ಆಡಿದ ಮಾತನ್ನು ನಾನು ಒಂದು ಸೌಟಿನಿಂದ ಸುಳ್ಳು ಮಾಡಲೇ?"



ಆ ಸಂಜೆ ಪಾತ್ರೆ ನಡುಮನೆಗೆ ಬಂದಿತು. ಎಲ್ಲರೂ ಅದರ ಸುತ್ತ ಒಟ್ಟಿಗೆ ಕುಳಿತರು. ದೇವರ ಹಿಡಿಯನ್ನು ಹೆಂಡತಿಯ ಸಣ್ಣ ಕೈಯೇ ತೆಗೆದಿತ್ತು. ಆ ಹಿಡಿಯಷ್ಟು ಅನ್ನವನ್ನು ತನ್ನ ತಟ್ಟೆಯಿಂದಲೇ ಕಳೆಯಬೇಕೆಂದು ನೇಕಾರನು ಹಟ ಹಿಡಿದನು. ಮರುದಿನ ಬಿಸಿಲೇರುವ ಮುಂಚೆಯೇ, ಮಗ್ಗದಲ್ಲಿ ಕುಳಿತಿರುವಾಗ ಅವನ ಹೊಟ್ಟೆ ಗುರುಗುಟ್ಟಿತು. ಲಾಳಿ ಎಸೆಯುವ ಕೈ ನಿಂತಿತು. ಆ ಸದ್ದು ಒಂದು ತಿಂಗಳು ಯಾರ ಹೊಟ್ಟೆಯಲ್ಲಿತ್ತೆಂದು ಅವನಿಗೆ ಈಗ ತಿಳಿದಿತ್ತು.

ಭಾನುವಾರ ಅವನ ಮಡಕೆ ಅರ್ಧದಷ್ಟೇ ತುಂಬಿತ್ತು. ಕುಕ್ಕೆಯ ಬಳಿ ಆ ಮುದುಕಿ ನಿಂತಿದ್ದಳು.

"ಅಕ್ಕಿ ಎಲ್ಲಿ ಹೆಚ್ಚುತ್ತದೆಂದು ತಿಳಿಯಿತೇನಪ್ಪಾ?" ಎಂದು ಕೇಳಿದಳು.

ಅವಳಿಗೆ ಕೇಳಿಸಲಿ ಎಂದು ನೇಕಾರನು ಗಟ್ಟಿಯಾಗಿ ಹೇಳಿದನು. ಆದ್ದರಿಂದ ಸಭೆಗೆಲ್ಲ ಕೇಳಿಸಿತು.

"ಎಲ್ಲಿಯೂ ಹೆಚ್ಚಲಿಲ್ಲ ಅಜ್ಜೀ. ಹಿಂದಿನದೆಲ್ಲ ನನ್ನ ಹೆಂಡತಿ ಕೊಟ್ಟದ್ದು. ನಾನು ಕೊಟ್ಟದ್ದು ಇದಿಷ್ಟೇ."

ಉಪದೇಶಿಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು ತಲೆಯೆತ್ತಿದನು. "ನಮ್ಮ ಮನೆಯಲ್ಲಿ ಹಾಗಿಲ್ಲ, ಅಯ್ಯನವರೇ. ನನ್ನ ಹೆಂಡತಿ ಹೊಟ್ಟೆತುಂಬ ಉಣ್ಣುತ್ತಾಳೆ" ಎಂದನು.

"ಅವಳು ಉಣ್ಣುವುದನ್ನು ನೀನು ನೋಡಿದ್ದು ಯಾವತ್ತು?" ಎಂದರು ಉಪದೇಶಿಗಳು.